ಗಾಜಿನ ಮನೆಯ ಛಾಯಾಗ್ರಾಹಕಿ

ಛಾಯಾಗ್ರಹಣ ವಿದ್ಯೆ ಲೋಕಕ್ಕೆ ತಿಳಿದುಬಂದದ್ದು 1839ರಲ್ಲಿ. ಫ್ರಾನ್ಸಿನ ಡಗೇರ್ ಮತ್ತು ಇಂಗ್ಲೆಂಡಿನ ಟಾಲ್ಬಟ್ ಬೇರೆ ಬೇರೆಯಾಗಿ ನಡೆಸಿದ್ದ ಪ್ರಯೋಗಗಳ ಫಲ ಆ ವರ್ಷ ಪ್ರಕಟವಾಯಿತು. ಮುಂದಿನ ಎರಡು ದಶಕಗಳಲ್ಲಿ ಈ ವಿದ್ಯೆಗೆ ಮನಸೋತವರಲ್ಲಿ ವೃತ್ತಿಗಾರರಿಗಿಂತ ಹವ್ಯಾಸಿಗಳ ಉತ್ಸಾಹವೇ ಎದ್ದು ಕಾಣುತ್ತಿತ್ತು. ವೈದ್ಯರು, ವಕೀಲರು, ಪಾದ್ರಿಗಳು, ಸೇನಾಧಿಕಾರಿಗಳು ಬಿಡುವಿನ ವೇಳೆಯಲ್ಲಿ ಚಿತ್ರ ತೆಗೆದು ಒಬ್ಬರಿಗೊಬ್ಬರು ತೋರಿಸುತ್ತಿದ್ದರು. ಅಂಚೆಯ ಮೂಲಕ ಪ್ರತಿಗಳನ್ನು ವಿನಿಮಯ ಮಾಡಿಕೊಳ್ಳುತ್ತಿದ್ದರು. ಇಂಥವರಿಗಾಗಿ 1853ರಲ್ಲಿ ಲಂಡನ್ನಿನಲ್ಲಿ ಛಾಯಾಗ್ರಹಣ ಸಂಘವೊಂದು ಸ್ಥಾಪಿತವಾಯಿತು. ಮರುವರ್ಷವೇ ಮುಂಬಯಿಯಲ್ಲಿಯೂ, 1856ರಲ್ಲಿ ಕಲ್ಕತ್ತಾ ಮತ್ತು ಮದರಾಸುಗಳಲ್ಲಿಯೂ ಅಂಥ ಸಂಘಗಳು ತಲೆಯೆತ್ತಿದವು. ಸಂಘದ ಸಭೆಗಳಲ್ಲಿ ಚಿತ್ರಗಳನ್ನು ಪ್ರದರ್ಶಿಸುವುದು, ಗುಣದೋಷಗಳನ್ನು ಚರ್ಚಿಸುವುದು, ಪತ್ರಿಕೆಗಳಲ್ಲಿ ವಿಮರ್ಶೆ ಬರೆಯುವುದು ವಾಡಿಕೆಯಾಯಿತು. ಆ ವಿಮರ್ಶೆಗೆ ಸ್ಪಷ್ಟತೆಯೇ ಮುಖ್ಯವಾದ ಒರೆಗಲ್ಲು. ಮರದ ಎಲೆ ಎಲೆಯೂ, ಉಡುಪಿನ ನೂಲು ನೂಲೂ ಕಾಣಬೇಕು. ಗಾಜಿನ ಫಲಕದ ಮೇಲೆ ಒಂದು ಚುಕ್ಕೆಯೂ ಇರಬಾರದು. ಇಂಥ ಮಂಡಲಿಯ ನಡುವೆ 1864ರಲ್ಲಿ ಬಂದು ನಿಂತು, ಆ ಒರೆಗಲ್ಲನ್ನೇ ಪ್ರಶ್ನಿಸಿದ ಮಹಿಳೆ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಆಗ ಆಕೆಗೆ ನಲವತ್ತೆಂಟು ವರ್ಷ.

ಜೂಲಿಯಾ ಹುಟ್ಟಿದ್ದು ನಮ್ಮ ದೇಶದಲ್ಲಿಯೇ, 1815ರ ಜೂನ್ 11ರಂದು, ಕಲ್ಕತ್ತಾ ನಗರದಲ್ಲಿ. ತಂದೆ ಜೇಮ್ಸ್ ಪ್ಯಾಟಲ್ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ. ತಾಯಿ ಫ್ರೆಂಚ್ ಮನೆತನದವರು. ಬಾಲ್ಯದ ಬಹುಭಾಗ ಫ್ರಾನ್ಸಿನಲ್ಲಿ ಅಜ್ಜಿಯ ಆಶ್ರಯದಲ್ಲಿ ಕಳೆಯಿತು. ಅಕ್ಕತಂಗಿಯರೆಲ್ಲ ರೂಪಕ್ಕೆ ಹೆಸರಾಗಿದ್ದರು; ಜೂಲಿಯಾ ಮಾತ್ರ ಚುರುಕುಬುದ್ಧಿಗೂ ಬಿಡದ ಹಟಕ್ಕೂ ಹೆಸರಾದವರು. ಭಾರತಕ್ಕೆ ಮರಳಿದ ಮೇಲೆ ಆರೋಗ್ಯ ಕೆಟ್ಟುದರಿಂದ ಆಕೆ 1836ರಲ್ಲಿ ಹವೆ ಬದಲಾವಣೆಗಾಗಿ ಆಫ್ರಿಕದ ದಕ್ಷಿಣ ತುದಿಯ ಗುಡ್‌ಹೋಪ್ ಭೂಶಿರಕ್ಕೆ ಹೋಗಬೇಕಾಯಿತು. ಆಕೆಯ ಬಾಳಿನ ಎರಡು ದೊಡ್ಡ ಸ್ನೇಹಗಳು ಬೆಳೆದದ್ದು ಅಲ್ಲಿಯೇ. ದಕ್ಷಿಣ ಆಕಾಶದ ನಕ್ಷತ್ರಗಳನ್ನು ಪರಿಶೀಲಿಸಲು ದೂರದರ್ಶಕವನ್ನು ಹೊತ್ತು ಅಲ್ಲಿಗೆ ಬಂದಿದ್ದ ಸರ್ ಜಾನ್ ಹರ್ಷೆಲ್ ಒಬ್ಬರು. ಇನ್ನೊಬ್ಬರು ಕಾನೂನು ಪಂಡಿತರಾದ ಚಾರ್ಲ್ಸ್ ಹೇ ಕ್ಯಾಮರಾನ್. ಇವರು ಮೆಕಾಲೆಯೊಡನೆ ಭಾರತದ ಕಾನೂನು ಆಯೋಗದಲ್ಲಿ ಕೆಲಸ ಮಾಡಿದವರು. ಭಾರತೀಯ ದಂಡಸಂಹಿತೆಯ ಕರಡನ್ನು ಸಿದ್ಧಪಡಿಸುವುದರಲ್ಲಿ ಇವರ ಪಾಲೂ ಇತ್ತು. ಜೂಲಿಯಾಗಿಂತ ಇಪ್ಪತ್ತು ವರ್ಷ ಹಿರಿಯರು. 1838ರಲ್ಲಿ ಕಲ್ಕತ್ತಾದಲ್ಲಿ ಇವರಿಬ್ಬರ ವಿವಾಹ ನೆರವೇರಿತು. ಛಾಯಾಗ್ರಹಣ ಲೋಕಕ್ಕೆ ಪ್ರಕಟವಾಗುವುದಕ್ಕೆ ಒಂದು ವರ್ಷ ಮೊದಲೇ ಆಕೆಗೆ ಕ್ಯಾಮರಾವನ್ನು ನೆನಪಿಸುವ ಹೆಸರು ಬಂದದ್ದು ಕೇವಲ ಆಕಸ್ಮಿಕ.

ಹರ್ಷೆಲ್ ಖಗೋಳ ವಿಜ್ಞಾನಿ ಮಾತ್ರವಲ್ಲ, ರಸಾಯನ ವಿಜ್ಞಾನದಲ್ಲಿಯೂ ನಿಷ್ಣಾತರು. ಬೆಳ್ಳಿಯ ಲವಣಗಳನ್ನು ಹೈಪೋ ಎಂಬ ದ್ರಾವಣ ಕರಗಿಸಬಲ್ಲುದೆಂದು ಅವರು 1819ರಷ್ಟು ಹಿಂದೆಯೇ ಕಂಡುಹಿಡಿದಿದ್ದರು. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ತೊಳೆದುಹಾಕದಿದ್ದರೆ ಚಿತ್ರ ಕಾಲಕ್ರಮದಲ್ಲಿ ಕಪ್ಪಾಗಿಬಿಡುತ್ತದೆ. ಚಿತ್ರವನ್ನು ಸ್ಥಿರಗೊಳಿಸುವ ಈ ಉಪಾಯ ಛಾಯಾಗ್ರಹಣಕ್ಕೆ ಜೀವಾಳವಾಯಿತು. ನೆಗೆಟಿವ್, ಪಾಸಿಟಿವ್ ಎಂಬ ಪದಗಳನ್ನು ಛಾಯಾಗ್ರಹಣದಲ್ಲಿ ಬಳಕೆಗೆ ತಂದವರೂ ಅವರೇ. 1842ರಲ್ಲಿ ಹರ್ಷೆಲ್ ಈ ಹೊಸ ವಿದ್ಯೆಯ ಕೆಲವು ಮಾದರಿಗಳನ್ನು ಕಲ್ಕತ್ತಾದಲ್ಲಿದ್ದ ತಮ್ಮ ಸ್ನೇಹಿತೆಗೆ ಕಳುಹಿಸಿದರು. ಆಕೆ ಅವನ್ನು ಬೆರಗಿನಿಂದ ನೋಡಿದರು. ಆದರೆ ಸ್ವತಃ ಚಿತ್ರ ತೆಗೆಯಲು ಇನ್ನೂ ಇಪ್ಪತ್ತೊಂದು ವರ್ಷ ಕಾಯಬೇಕಾಗಿತ್ತು.

1848ರಲ್ಲಿ ದಂಪತಿಗಳು ಇಂಗ್ಲೆಂಡಿಗೆ ತೆರಳಿದರು. 1860ರಲ್ಲಿ ವೈಟ್ ದ್ವೀಪದ ಫ್ರೆಶ್‌ವಾಟರ್ ಎಂಬ ಹಳ್ಳಿಯಲ್ಲಿ ಮನೆ ಕೊಂಡು, ಸಿಂಹಳದಲ್ಲಿದ್ದ ತಮ್ಮ ಕಾಫಿ ತೋಟದ ನೆನಪಿಗಾಗಿ ಅದಕ್ಕೆ ಡಿಂಬೋಲಾ ಎಂದು ಹೆಸರಿಟ್ಟರು. ಕವಿ ಟೆನಿಸನ್ ನೆರೆಯವರು. ಮನೆಯಲ್ಲಿ ಸದಾ ಅತಿಥಿಗಳ ಸಂದಣಿ. ಸ್ವಂತ ಮಕ್ಕಳು ಆರು ಮಂದಿಯಲ್ಲದೆ, ಬಂಧುಗಳ ತಬ್ಬಲಿ ಮಕ್ಕಳನ್ನೂ ಆಕೆ ಸಾಕಿದರು. ಮಕ್ಕಳು ಬೆಳೆದು ದೂರವಾದರು. ಪತಿ ತೋಟದ ವ್ಯವಹಾರಕ್ಕಾಗಿ ಸಿಂಹಳಕ್ಕೆ ಹೋಗಿದ್ದರು. ತಾಯಿಯ ಒಂಟಿತನವನ್ನು ಕಂಡ ಮಗಳು ಮತ್ತು ಅಳಿಯ 1863ರ ಡಿಸೆಂಬರಿನಲ್ಲಿ ಆಕೆಗೆ ಒಂದು ಕ್ಯಾಮರಾವನ್ನು ಉಡುಗೊರೆಯಾಗಿ ಕೊಟ್ಟರು. ಬೇಸರ ಕಳೆಯಲೆಂದು ಕೊಟ್ಟ ವಸ್ತು ಬಾಳಿನ ಕಸುಬಾಗಿಬಿಟ್ಟಿತು.

ಅಂದಿನ ಕ್ಯಾಮರಾವೆಂದರೆ ಕೈಯಲ್ಲಿ ಹಿಡಿಯಬಹುದಾದ ಉಪಕರಣವಲ್ಲ. ಮರದ ದೊಡ್ಡ ಪೆಟ್ಟಿಗೆ. ಚಿತ್ರ ತೆಗೆಯುವ ಕ್ರಮವೂ ಪ್ರಯಾಸದ್ದು. ಗಾಜಿನ ಫಲಕವನ್ನು ಚೆನ್ನಾಗಿ ಒರೆಸಿ, ಅದರ ಮೇಲೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಸಮನಾಗಿ ಹರಿಯಬಿಡಬೇಕು. ಬಳಿಕ ಕತ್ತಲೆಯ ಕೋಣೆಯಲ್ಲಿ ಅದನ್ನು ಸಿಲ್ವರ್ ನೈಟ್ರೇಟ್ ದ್ರಾವಣದಲ್ಲಿ ಅದ್ದಬೇಕು. ಫಲಕ ಒದ್ದೆಯಾಗಿರುವಾಗಲೇ ಕ್ಯಾಮರಾಕ್ಕೆ ಸೇರಿಸಿ, ಚಿತ್ರ ತೆಗೆದು, ಆರುವುದರೊಳಗೆ ಮತ್ತೆ ಕತ್ತಲೆಯ ಕೋಣೆಗೆ ಓಡಿ ಸಂಸ್ಕರಿಸಬೇಕು. ಅನಂತರ ತೊಳೆದು, ಒಣಗಿಸಿ, ವಾರ್ನಿಷ್ ಬಳಿದು, ಮೊಟ್ಟೆಯ ಬಿಳಿಲೋಳೆ ಸವರಿದ ಕಾಗದದ ಮೇಲೆ ಬಿಸಿಲಿನಲ್ಲಿ ಪ್ರತಿ ತೆಗೆಯಬೇಕು. ಒಂದು ಧೂಳಿನ ಕಣ, ಒಂದು ಕೂದಲ ಎಳೆ ಸಿಕ್ಕಿಕೊಂಡರೂ ಅದರ ಗುರುತು ಚಿತ್ರದಲ್ಲಿ ಶಾಶ್ವತ. ಆಕೆ ಕೋಳಿಗಳನ್ನು ಹೊರಗೆ ಬಿಟ್ಟು, ಕೋಳಿಯ ಗೂಡಿಗೆ ಗಾಜು ಹಾಕಿಸಿ ಚಿತ್ರಶಾಲೆಯನ್ನಾಗಿ ಮಾಡಿಕೊಂಡರು. ಕಲ್ಲಿದ್ದಲು ತುಂಬುವ ಕೊಠಡಿ ಕತ್ತಲೆಯ ಕೋಣೆಯಾಯಿತು. ಬೆರಳುಗಳೂ ಉಡುಪೂ ಬೆಳ್ಳಿಯ ಲವಣದ ಕಲೆಗಳಿಂದ ಕಪ್ಪಾದವು. ಗೌರವಸ್ಥ ಮನೆತನದ ಗೃಹಿಣಿ ಹೀಗೆ ಕೈ ಕಪ್ಪು ಮಾಡಿಕೊಂಡು ಓಡಾಡುವುದು ಆ ಕಾಲಕ್ಕೆ ವಿಚಿತ್ರವಾಗಿಯೇ ತೋರಿರಬೇಕು.

ಕಲಿಸುವವರು ಹತ್ತಿರ ಯಾರೂ ಇರಲಿಲ್ಲ. ಮೊದಲ ಚಿತ್ರಕ್ಕೆ ಕುಳಿತವನು ಊರಿನ ಒಬ್ಬ ರೈತ. ಕುಳಿತುಕೊಂಡದ್ದಕ್ಕಾಗಿ ಆಕೆ ಅವನಿಗೆ ಹಣವನ್ನೂ ಕೊಟ್ಟರು. ಚಿತ್ರ ಮೂಡಿತು, ಆದರೆ ಫಲಕದ ಲೇಪವಿದ್ದ ಮಗ್ಗುಲನ್ನು ಕೈಯಿಂದ ಉಜ್ಜಿದ್ದರಿಂದ ಎಲ್ಲವೂ ಅಳಿಸಿಹೋಯಿತು. ಹೀಗೆಯೇ ಒಂದಾದ ಮೇಲೊಂದು ವಿಫಲ ಯತ್ನ. ಕೊನೆಗೆ 1864ರ ಜನವರಿ 29ರಂದು ಆನಿ ಎಂಬ ಪುಟ್ಟ ಬಾಲಕಿಯ ಚಿತ್ರ ಸರಿಯಾಗಿ ಬಂದಿತು. ಆಕೆಯ ಸಂಭ್ರಮ ಹೇಳತೀರದು. ಆ ದಿನವೇ ಪ್ರತಿ ತೆಗೆದು, ಚೌಕಟ್ಟು ಹಾಕಿಸಿ, ರಾತ್ರಿಯಾಗುವುದರೊಳಗೆ ಹುಡುಗಿಯ ತಂದೆಗೆ ಮುಟ್ಟಿಸಿದರು. ತೆಗೆದ ಚಿತ್ರವನ್ನು ಒಡನೆಯೇ ಮತ್ತೊಬ್ಬರಿಗೆ ತೋರಿಸಬೇಕೆಂಬ ಈ ತವಕ ಕೊನೆಯವರೆಗೂ ಆಕೆಯನ್ನು ಬಿಡಲಿಲ್ಲ.

ಕೆಲವೇ ತಿಂಗಳುಗಳಲ್ಲಿ ಆಕೆ ಲಂಡನ್ನಿನ ಛಾಯಾಗ್ರಹಣ ಸಂಘದ ಸದಸ್ಯರಾದರು. ಅದೇ ವರ್ಷದ ಬೇಸಿಗೆಯಲ್ಲಿ ಮತ್ತೊಬ್ಬ ಹವ್ಯಾಸಿ ವೈಟ್ ದ್ವೀಪಕ್ಕೆ ಬಂದರು. ಅವರು ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಡಾಡ್ಜ್‌ಸನ್. ಮರುವರ್ಷ ಲೂಯಿ ಕ್ಯಾರಲ್ ಎಂಬ ಹೆಸರಿನಲ್ಲಿ ಆಲಿಸಳ ಅದ್ಭುತ ಕಥೆಯನ್ನು ಪ್ರಕಟಿಸಿ ಪ್ರಖ್ಯಾತರಾದವರು. ಡಾಡ್ಜ್‌ಸನ್ ಎಂಟು ವರ್ಷಗಳಿಂದ ಛಾಯಾಗ್ರಹಣದಲ್ಲಿ ಪಳಗಿದ್ದರು. ಅವರ ಚಿತ್ರಗಳು ಅಚ್ಚುಕಟ್ಟು, ರೇಖೆ ರೇಖೆಯೂ ನಿಖರ. ಒಂದು ಸಂಜೆ ಇಬ್ಬರೂ ತಮ್ಮ ತಮ್ಮ ಚಿತ್ರಗಳನ್ನು ಹರಡಿಕೊಂಡು ಪರಸ್ಪರ ತೋರಿಸಿದರು. ಆಕೆ ಬೇಕೆಂದೇ ಮಸುಕಾಗಿ ತೆಗೆದಿದ್ದ ಚಿತ್ರಗಳಲ್ಲಿ ಕೆಲವು ಡಾಡ್ಜ್‌ಸನ್ನರಿಗೆ ಸೊಗಸಾಗಿ ಕಂಡವು, ಕೆಲವು ತೀರ ವಿಕಾರವಾಗಿ ಕಂಡವು. ಆಕೆಯಾದರೋ ಅವನ್ನು ಕಲೆಯ ವಿಜಯಗಳೆಂಬಂತೆ ವರ್ಣಿಸಿದರು. ಅಷ್ಟಕ್ಕೇ ನಿಲ್ಲದೆ, ಡಾಡ್ಜ್‌ಸನ್ ತೆಗೆದಿದ್ದ ವ್ಯಕ್ತಿಗಳನ್ನು ತಮ್ಮ ರೀತಿಯಲ್ಲಿ ಮಸುಕಾಗಿ ತೆಗೆಯುವ ಆಸೆಯನ್ನೂ ವ್ಯಕ್ತಪಡಿಸಿದರು. ಆಕೆ ತೆಗೆದ ವ್ಯಕ್ತಿಗಳ ವಿಷಯದಲ್ಲಿ ತಮಗೂ ಅಂಥದೇ ಒಂದು ಆಸೆ ಇದೆಯೆಂದು ಡಾಡ್ಜ್‌ಸನ್ ಉತ್ತರ ಕೊಟ್ಟರು! ಆ ಸಂಜೆ ಇಬ್ಬರಲ್ಲಿ ಯಾರೂ ಸೋಲಲಿಲ್ಲ.

ಸಂಘದ ವಿಮರ್ಶಕರಲ್ಲಿ ಇಂಥ ನಗೆಮಾತು ಇರಲಿಲ್ಲ. 1865ರ ಆರಂಭದಲ್ಲಿ ಸಂಘದ ಪತ್ರಿಕೆ ಆಕೆಯ ಚಿತ್ರಗಳನ್ನು ಕಟುವಾಗಿ ಟೀಕಿಸಿತು. ಧೈರ್ಯವೂ ಸ್ವಂತಿಕೆಯೂ ಇವೆಯೆಂದು ಒಪ್ಪಿಕೊಂಡರೂ, ಅವಕ್ಕಾಗಿ ಛಾಯಾಗ್ರಹಣದ ಉಳಿದೆಲ್ಲ ಗುಣಗಳನ್ನು ಬಲಿಗೊಟ್ಟಿದ್ದಾರೆಂಬುದು ಅದರ ತೀರ್ಪು. ಚಿತ್ರಗಳಲ್ಲಿ ಬೆರಳ ಗುರುತುಗಳಿದ್ದುದು ನಿಜ. ಲೇಪ ಅಲ್ಲಲ್ಲಿ ಕಿತ್ತುಹೋದದ್ದೂ ನಿಜ. ಇವುಗಳಲ್ಲಿ ಎಷ್ಟು ಕೈತಪ್ಪು, ಎಷ್ಟು ಉದ್ದೇಶಪೂರ್ವಕ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಮಸುಕಿನ ವಿಷಯದಲ್ಲಿ ಮಾತ್ರ ಆಕೆಯ ನಿಲುವು ಸ್ಪಷ್ಟವಾಗಿತ್ತು. ಇತರರು ರೂಪ ಪೂರ್ತಿ ಹರಿತವಾಗುವವರೆಗೆ ಮಸೂರವನ್ನು ತಿರುಗಿಸುತ್ತಿದ್ದರು. ಆಕೆ ನೋಟಕ್ಕೆ ಚೆಲುವಾಗಿ ತೋರಿದ ಕ್ಷಣದಲ್ಲಿಯೇ ನಿಲ್ಲಿಸಿಬಿಡುತ್ತಿದ್ದರು. ಫೋಕಸ್ ಇಷ್ಟೇ ಇರಬೇಕೆಂದು ವಿಧಿಸುವ ಅಧಿಕಾರ ಯಾರಿಗಿದೆಯೆಂದು ಆಕೆ ಹರ್ಷೆಲ್ಲರಿಗೆ ಬರೆದ ಪತ್ರದಲ್ಲಿ ಪ್ರಶ್ನಿಸಿದ್ದರು. ಮುಖದ ಪ್ರತಿ ಕೂದಲನ್ನು ತೋರಿಸುವುದಕ್ಕಿಂತ ಆ ಮುಖದ ಹಿಂದಿನ ಚೇತನವನ್ನು ತೋರಿಸುವುದು ಆಕೆಯ ಗುರಿ. ಕಲೆಗೆ ಸಂಬಂಧಿಸಿದ ಕೆಲವು ಪತ್ರಿಕೆಗಳು ಇದನ್ನು ಗುರುತಿಸಿ ಮೆಚ್ಚಿದವು. ಬರ್ಲಿನ್ ಪ್ರದರ್ಶನದಲ್ಲಿ ಆಕೆಗೆ 1865ರಲ್ಲಿ ಕಂಚಿನ ಪದಕವೂ, ಮರುವರ್ಷ ಚಿನ್ನದ ಪದಕವೂ ದೊರೆತವು. ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ ವಸ್ತುಸಂಗ್ರಹಾಲಯ ಆಕೆಯ ಹಲವು ಚಿತ್ರಗಳನ್ನು 1865ರಲ್ಲಿ ಕೊಂಡು ಪ್ರದರ್ಶಿಸಿತು. 1868ರಲ್ಲಿ ಚಿತ್ರಶಾಲೆಗಾಗಿ ಎರಡು ಕೋಣೆಗಳನ್ನೂ ಕೊಟ್ಟಿತು. ಇಷ್ಟಾದರೂ ಸಂಘದ ತಜ್ಞರ ತಿರಸ್ಕಾರ ಆಕೆಯ ಮನಸ್ಸನ್ನು ಚುಚ್ಚುತ್ತಲೇ ಇತ್ತು.

ಆದರೆ ಆಕೆ ಟೀಕೆಯನ್ನೇ ಸಹಿಸದವರೆಂದು ತಿಳಿಯಬಾರದು. ತಮಗೆ ಹಿತವರೆಂದು ಕಂಡವರಿಂದ ಆಕೆ ಟೀಕೆಯನ್ನು ಬೇಡಿ ಪಡೆಯುತ್ತಿದ್ದರು. ಹರ್ಷೆಲ್ಲರಿಗೆ ಚಿತ್ರಗಳನ್ನು ಕಳುಹಿಸಿ ಅಭಿಪ್ರಾಯ ಕೇಳುವುದು ನಿತ್ಯದ ರೂಢಿ. ಆಕೆ ಪೊಟ್ಯಾಸಿಯಂ ಸಯನೈಡನ್ನು ಬರಿಗೈಯಲ್ಲಿ ಬಳಸುತ್ತಿರುವ ಸಂಗತಿ ತಿಳಿದಾಗ ಹರ್ಷೆಲ್ ಗಾಬರಿಗೊಂಡು, ಅದು ಘೋರ ವಿಷವೆಂದು ಎಚ್ಚರಿಸಿ ಬರೆದರು. 1866ರಲ್ಲಿ ತರುಣಿಯೊಬ್ಬಳ ತಲೆಯ ಚಿತ್ರ ಬಂದಾಗ, ಅದು ಕಾಗದದಿಂದ ಹೊರಕ್ಕೆ ಚಾಚಿಕೊಂಡು ಜೀವಂತವಾಗಿ ನಿಂತಂತಿದೆಯೆಂದು ಮನಸಾರೆ ಹೊಗಳಿದವರೂ ಅವರೇ. ಎರಡನೆಯ ಮಾರ್ಗದರ್ಶಕರು ವರ್ಣಚಿತ್ರಕಾರ ಜಾರ್ಜ್ ಫ್ರೆಡರಿಕ್ ವಾಟ್ಸ್. ದುಬಾರಿಯಾದ ಒಳ್ಳೆಯ ಪ್ರತಿಗಳನ್ನು ತಮಗೆ ಕಳುಹಿಸಿ ನಷ್ಟಪಡಬೇಡಿರಿ, ಕೆಟ್ಟ ಪ್ರತಿಗಳನ್ನೇ ಕಳುಹಿಸಿದರೆ ಸಾಕು, ಗುಣದೋಷ ಹೇಳುವುದಕ್ಕೆ ಅವೇ ಆದೀತು ಎಂಬುದು ವಾಟ್ಸರ ಸಲಹೆ. ಹೀಗಾಗಿ ಬಿರುಕು ಬಿಟ್ಟ, ಕಲೆ ಬಿದ್ದ ಎಷ್ಟೋ ಪ್ರತಿಗಳು ವಾಟ್ಸರ ಮನೆ ಸೇರಿದವು. ಬೇರೆಯವರಾಗಿದ್ದರೆ ಬಚ್ಚಿಡುತ್ತಿದ್ದ ಚಿತ್ರಗಳು ಅವು.

ದೊಡ್ಡ ಗಾಜಿನ ಫಲಕ ಹಿಡಿಯುವ, ಹದಿನೈದು ಅಂಗುಲ ಉದ್ದ ಹನ್ನೆರಡು ಅಂಗುಲ ಅಗಲದ ಹೊಸ ಕ್ಯಾಮರಾ ಬಂದ ಮೇಲೆ ಆಕೆ ಮುಖವೊಂದನ್ನೇ ಹೆಚ್ಚುಕಡಿಮೆ ನಿಜಗಾತ್ರದಲ್ಲಿ ತೆಗೆಯತೊಡಗಿದರು. ಕುಳಿತವರ ಪಾಡು ಹೇಳತೀರದು. ಮಂದ ಬೆಳಕಿನಲ್ಲಿ ಹಲವು ನಿಮಿಷ ಕದಲದೆ ಕೂರಬೇಕು. ಅಲುಗಿದರೆ ಮತ್ತೊಂದು ಫಲಕ, ಮತ್ತೊಮ್ಮೆ ಅದೇ ತಪಸ್ಸು. ಆದರೂ ಆ ಕಾಲದ ಮಹನೀಯರು ಆಕೆಯ ಹಟಕ್ಕೆ ಮಣಿದರು. ಟೆನಿಸನ್ ತಮ್ಮ ಒಂದು ಚಿತ್ರಕ್ಕೆ ಕೊಳಕು ಸನ್ಯಾಸಿ ಎಂದು ವಿನೋದದ ಹೆಸರಿಟ್ಟರು. ಇತಿಹಾಸಕಾರ ಕಾರ್ಲೈಲ್ ತಮ್ಮ ಚಿತ್ರ ಭಯಂಕರವಾಗಿದೆಯೆಂದರೂ ಹೋಲಿಕೆಯನ್ನು ಅಲ್ಲಗಳೆಯಲಿಲ್ಲ. 1868ರ ಬೇಸಿಗೆಯಲ್ಲಿ ಕುಟುಂಬದೊಡನೆ ಫ್ರೆಶ್‌ವಾಟರಿಗೆ ಬಂದಿದ್ದ ಚಾರ್ಲ್ಸ್ ಡಾರ್ವಿನ್, ತಮ್ಮ ಭಾವಚಿತ್ರಗಳಲ್ಲೆಲ್ಲ ಆಕೆ ತೆಗೆದದ್ದೇ ತಮಗೆ ಹೆಚ್ಚು ಪ್ರಿಯವೆಂದು ಬರೆದುಕೊಟ್ಟರು. ಇವೆಲ್ಲಕ್ಕೂ ಮಿಗಿಲಾದದ್ದು 1867ರಲ್ಲಿ ತೆಗೆದ ಹರ್ಷೆಲ್ಲರ ಚಿತ್ರ. ಆಕೆ ಕ್ಯಾಮರಾ ಸಮೇತ ಅವರ ಮನೆಗೇ ಹೋದರು. ತಲೆಯನ್ನು ತೊಳೆಸಿ, ಬಿಳಿಯ ಕೂದಲನ್ನು ಕೆದರಿ, ಹೆಗಲಿಗೆ ಕಪ್ಪು ವಸ್ತ್ರ ಹೊದಿಸಿ ಕೂರಿಸಿದರು. ಕತ್ತಲೆಯ ಹಿನ್ನೆಲೆಯಲ್ಲಿ ಬೆಳಗುವ ಆ ವೃದ್ಧ ಮುಖವನ್ನು ಕಂಡವರಿಗೆ, ಇರುಳ ಆಕಾಶವನ್ನು ದಿಟ್ಟಿಸಿದ ಕಣ್ಣುಗಳಿವು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಪ್ರಸಿದ್ಧರಷ್ಟೇ ಆಕೆಯ ಚಿತ್ರಗಳಿಗೆ ವಸ್ತುವಾಗಲಿಲ್ಲ. ಮನೆಗೆಲಸದ ಮೇರಿ ಹಿಲಿಯರ್ ಎಷ್ಟೋ ಚಿತ್ರಗಳಲ್ಲಿ ಮಾತೆ ಮೇರಿಯಾಗಿ ಕುಳಿತಳು. ಮೇರಿ ರಯನ್ ಎಂಬಾಕೆ ಐರ್ಲೆಂಡಿನಿಂದ ಬಂದ ಬಡ ಭಿಕ್ಷುಕಿಯೊಬ್ಬಳ ಮಗಳು. ಕ್ಯಾಮರಾನ್ ಮನೆಯಲ್ಲಿ ಬೆಳೆದು, ಓದು ಕಲಿತು, ಚಿತ್ರಗಳಿಗೆ ಕೂರುತ್ತಿದ್ದಳು. ಭಾರತದ ಸಿವಿಲ್ ಸೇವೆಗೆ ಸೇರಲಿದ್ದ ಹೆನ್ರಿ ಕಾಟನ್ ಎಂಬ ತರುಣ ಪ್ರದರ್ಶನದಲ್ಲಿ ಈಕೆಯನ್ನು ಕಂಡು ಮೆಚ್ಚಿ, 1867ರಲ್ಲಿ ವಿವಾಹವಾದನು. ಭಾರತೀಯರ ಹಕ್ಕುಗಳ ಪರವಾಗಿ ನಿಂತು, 1904ರಲ್ಲಿ ಮುಂಬಯಿಯಲ್ಲಿ ನಡೆದ ಭಾರತ ರಾಷ್ಟ್ರೀಯ ಕಾಂಗ್ರೆಸ್ಸಿನ ಅಧಿವೇಶನದ ಅಧ್ಯಕ್ಷತೆ ವಹಿಸಿದ ಸರ್ ಹೆನ್ರಿ ಕಾಟನ್ ಇವರೇ.

ಇಷ್ಟು ಹೆಸರು ಬಂದರೂ ಹಣ ಬರಲಿಲ್ಲ. ಸಿಂಹಳದ ಕಾಫಿ ತೋಟಗಳು ಸರಿಯಾದ ಆದಾಯ ಕೊಡುತ್ತಿರಲಿಲ್ಲ. ಚಿತ್ರಗಳ ಮಾರಾಟದಿಂದ ಸಂಸಾರಕ್ಕೆ ನೆರವಾಗಬೇಕೆಂಬ ಆಸೆ ಆಕೆಗಿತ್ತು. ಐನೂರಕ್ಕೂ ಹೆಚ್ಚು ಚಿತ್ರಗಳ ಹಕ್ಕನ್ನು ನೋಂದಾಯಿಸಿದರು. ಆದರೆ ರಾಸಾಯನಿಕಗಳಿಗೂ ಗಾಜಿಗೂ ಕಾಗದಕ್ಕೂ ಆಗುತ್ತಿದ್ದ ವೆಚ್ಚ ಬಹಳ. ಉದಾರವಾಗಿ ಹಂಚುವ ಕೈ ಬೇರೆ. 1869ರಲ್ಲಿ ಮತ್ತೊಂದು ಆಘಾತ ಬಂದಿತು. ಆಕೆಯ ಅತ್ಯಮೂಲ್ಯವಾದ ನಲವತ್ತೈದು ನೆಗೆಟಿವ್‌ಗಳ ಮೇಲ್ಮೈ ಬಿರುಕು ಬಿಟ್ಟು ಬಲೆಯಂತಾಯಿತು. ತಮ್ಮನ್ನು ನಿಷ್ಕರುಣೆಯಿಂದ ಟೀಕಿಸಿದ್ದ ಸಂಘದವರ ಮುಂದೆಯೇ ಆಕೆ ಈ ತೊಂದರೆಯನ್ನಿಟ್ಟು ಕಾರಣವನ್ನೂ ಪರಿಹಾರವನ್ನೂ ಕೇಳಿದರು. ನಾಶವಾದದ್ದು ಮರಳಿ ಬರಲಿಲ್ಲವಾದರೂ, ಕೇಳುವುದಕ್ಕೆ ಆಕೆ ಹಿಂಜರಿಯಲಿಲ್ಲವೆಂಬುದು ಗಮನಾರ್ಹ. 1873ರಲ್ಲಿ, ಕ್ಯಾಮರಾವನ್ನು ಕೊಟ್ಟಿದ್ದ ಮಗಳೇ ಹೆರಿಗೆಯಲ್ಲಿ ತೀರಿಕೊಂಡಳು. ಮರುವರ್ಷ ಟೆನಿಸನ್ನರ ಕೋರಿಕೆಯಂತೆ ಅವರ ಕಾವ್ಯವೊಂದಕ್ಕೆ ಚಿತ್ರಗಳನ್ನು ತೆಗೆದುಕೊಟ್ಟರು. ಪುಸ್ತಕದಲ್ಲಿ ಅವು ಮರದಚ್ಚಿನ ಕಿರಿಯ ಚಿತ್ರಗಳಾಗಿ ಕುಗ್ಗಿದವು. ಅತೃಪ್ತರಾದ ಆಕೆ ದೊಡ್ಡ ಗಾತ್ರದ ಮೂಲ ಚಿತ್ರಗಳ ಸಂಪುಟಗಳನ್ನು ತಾವೇ ಹೊರತಂದರು.

1875ರಲ್ಲಿ ವೃದ್ಧ ದಂಪತಿಗಳು ಇಂಗ್ಲೆಂಡನ್ನು ಬಿಟ್ಟು ಸಿಂಹಳಕ್ಕೆ ಹೊರಟರು. ಗಂಡುಮಕ್ಕಳು ಅಲ್ಲಿದ್ದರು, ಜೀವನದ ಖರ್ಚೂ ಅಲ್ಲಿ ಕಡಿಮೆ. ದಾರಿಯಲ್ಲಿಯೋ ಅಲ್ಲಿಯೋ ಬೇಕಾದೀತೆಂದು ಎರಡು ಶವಪೆಟ್ಟಿಗೆಗಳನ್ನೂ ಕೊಂಡೊಯ್ದರೆಂದು ಪ್ರತೀತಿ. ಅಲ್ಲಿ ಕಾಗದವೂ ರಾಸಾಯನಿಕಗಳೂ ಸುಲಭವಾಗಿ ದೊರೆಯುತ್ತಿರಲಿಲ್ಲ. ಕಡಲ ತೀರದ ಸೆಖೆಯೂ ತೇವವೂ ಈ ಕೆಲಸಕ್ಕೆ ಹಗೆ. ಎಲ್ಲಕ್ಕಿಂತ ಮುಖ್ಯವಾಗಿ, ಚಿತ್ರ ನೋಡಿ ಮಾತನಾಡುವ ಹರ್ಷೆಲ್ 1871ರಲ್ಲಿಯೇ ಕಾಲವಾಗಿದ್ದರು. ವಾಟ್ಸ್ ಸಾವಿರಾರು ಮೈಲಿ ದೂರ. ಆದರೂ ತೋಟದ ಕೂಲಿಗಳನ್ನೂ ನೆರೆಹೊರೆಯವರನ್ನೂ ಕೂರಿಸಿ ಆಕೆ ಚಿತ್ರ ತೆಗೆದರು. 1877ರಲ್ಲಿ ಅತಿಥಿಯಾಗಿ ಬಂದ ಸಸ್ಯಚಿತ್ರಕಾರ್ತಿ ಮೇರಿಯಾನ್ ನಾರ್ತ್ ಅವರನ್ನೂ ಬಿಡಲಿಲ್ಲ. ಸಿಂಹಳದ ಈ ಚಿತ್ರಗಳಲ್ಲಿ ಇಂದು ಉಳಿದಿರುವುವು ಮೂವತ್ತರೊಳಗೆ. 1879ರ ಜನವರಿ 26ರಂದು ದಿಕೋಯಾ ಕಣಿವೆಯಲ್ಲಿದ್ದ ಮಗನ ಮನೆಯಲ್ಲಿ ಆಕೆ ನಿಧನರಾದರು. ಬೊಗವಂತಲಾವದ ಇಗರ್ಜಿಯ ಅಂಗಳದಲ್ಲಿ ಸಮಾಧಿಯಾಯಿತು. ಮರುವರ್ಷ ಪತಿಯೂ ಆಕೆಯನ್ನು ಹಿಂಬಾಲಿಸಿದರು.

ಆಕೆ ತೆಗೆದ ಚಿತ್ರಗಳಲ್ಲಿ ಸುಮಾರು 1200 ಇಂದು ಗುರುತಿಗೆ ಸಿಕ್ಕಿವೆ. ಅಮೆರಿಕದ ಸ್ಟೀಗ್ಲಿಟ್ಸ್ 1913ರಲ್ಲಿ ತಮ್ಮ ಪ್ರತಿಷ್ಠಿತ ಛಾಯಾಗ್ರಹಣ ಪತ್ರಿಕೆಯಲ್ಲಿ ಅವುಗಳಲ್ಲಿ ಕೆಲವನ್ನು ಅಚ್ಚು ಹಾಕಿದರು. 1926ರಲ್ಲಿ ಆಕೆಯ ತಂಗಿಯ ಮೊಮ್ಮಗಳಾದ ಲೇಖಕಿ ವರ್ಜೀನಿಯಾ ವುಲ್ಫ್ ಮತ್ತು ಕಲಾವಿಮರ್ಶಕ ರಾಜರ್ ಫ್ರೈ ಮುನ್ನುಡಿ ಬರೆದ ಚಿತ್ರಸಂಪುಟ ಹೊರಬಂದಿತು. ಹರ್ಷೆಲ್ಲರಿಗೆಂದು ಆಕೆ 1864ರಲ್ಲಿ ಜೋಡಿಸಿ ಕೊಟ್ಟು, ಮೂರು ವರ್ಷಗಳ ಬಳಿಕ ಹಿಂದಕ್ಕೆ ಪಡೆದು ಇನ್ನಷ್ಟು ಉತ್ತಮ ಚಿತ್ರಗಳನ್ನು ಸೇರಿಸಿ ಮತ್ತೆ ಒಪ್ಪಿಸಿದ್ದ, 94 ಚಿತ್ರಗಳ ಸಂಪುಟವೊಂದಿದೆ. 1970ರ ದಶಕದಲ್ಲಿ ಅದು ಹರಾಜಿಗೆ ಬಂದು ಅಮೆರಿಕದ ಸಂಗ್ರಾಹಕರೊಬ್ಬರ ಪಾಲಾಗಿತ್ತು. ಬ್ರಿಟಿಷ್ ಸರ್ಕಾರ ಅದನ್ನು ದೇಶದ ಹೊರಗೆ ಒಯ್ಯದಂತೆ ತಡೆಹಿಡಿಯಿತು. ಜನರು ಚಂದಾ ಎತ್ತಿ ಹಣ ಕೂಡಿಸಿ 1975ರಲ್ಲಿ ಅದನ್ನು ತಮ್ಮ ದೇಶದಲ್ಲಿಯೇ ಉಳಿಸಿಕೊಂಡರು.